ನಮ್ಮತ್ತೆ ಯಾವ ಟೀಮಿನವರು?

ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವವರ ಮನೆಯಲ್ಲಿ ಆಟಕ್ಕಿಂತ ಹೆಚ್ಚು ಹೊತ್ತು ನಡೆಯುವುದು ಯಾರು ಆಡಬಹುದು, ಯಾರು ಆಡಬಾರದು ಎಂಬ ವಾದ. ಆಗಸ್ಟ್ ಮುಗಿಯುತ್ತಾ ಬಂತೆಂದರೆ ನಮ್ಮ ಮನೆಯಲ್ಲಿ ಇದು ತಪ್ಪಿದ್ದಲ್ಲ. ಒಂದು ವರ್ಷ ತಪ್ಪಿಸೋಣ ಎಂದು ಟಿವಿಯನ್ನು ಮಹಡಿಗೆ ಸಾಗಿಸಿ ನೋಡಿದೆ. ಜಗಳವೂ ಮಹಡಿ ಹತ್ತಿತು.

ಮೊದಲೇ ಹೇಳಿಬಿಡುತ್ತೇನೆ, ನಾವಿರುವುದು ಸ್ಯಾನ್ ಡಿಯಾಗೋ ಪಕ್ಕದ ಪೊವೇಯಲ್ಲಿ. ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಇರುವುದು ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಲ್ಲಿ. ಅವರು ಬೆಂಬಲಿಸುವುದು ಲಾಸ್ ಏಂಜಲೀಸಿನ ಒಂದು ಕಾಲೇಜನ್ನು, ನಾನು ಸ್ಯಾನ್ ಡಿಯಾಗೋದ ಒಂದನ್ನು. ಹೆಸರು ಹೇಳುವುದಿಲ್ಲ, ಹೇಳಿದರೆ ಓದುವವರಲ್ಲೂ ಎರಡು ಪಂಗಡವಾಗುತ್ತದೆ. ನಾವಿಬ್ಬರೂ ಆ ಕಾಲೇಜುಗಳಲ್ಲಿ ಓದಿದವರಲ್ಲ. ಭಾವ ಇಲ್ಲಿಗೆ ಬಂದು ಎಂ.ಎಸ್. ಮಾಡಿದ ಕಾಲೇಜಿಗೆ ಫುಟ್‌ಬಾಲ್ ಟೀಮೇ ಇಲ್ಲ. ಅದಕ್ಕೇ ಪಕ್ಕದವರದ್ದನ್ನು ಎರವಲು ತಂದುಕೊಂಡಿದ್ದಾರೆ. ನನಗಂತೂ ಆಫೀಸಿನಲ್ಲಿ ಊಟದ ಮೇಜಿನಲ್ಲಿ ಕೂತು ಅಂಟಿಕೊಂಡ ರೋಗ ಇದು.

೧. ಅರ್ಜಿ ಪಂಡಿತ

ಆ ಮೇಜಿನ ಕಥೆಯಿಂದಲೇ ಶುರು ಮಾಡುತ್ತೇನೆ. ನನ್ನ ಆಫೀಸು ಸೊರೆಂಟೊ ವ್ಯಾಲಿಯಲ್ಲಿ. ಮೊದಮೊದಲು ಮಧ್ಯಾಹ್ನ ಅಮೆರಿಕನ್ ಸಹೋದ್ಯೋಗಿಗಳು ಫುಟ್‌ಬಾಲ್ ಮಾತಾಡುವಾಗ ನಾನು ಮೊಸರನ್ನದ ಡಬ್ಬಿಯೊಳಗೆ ಮುಖ ಇಟ್ಟುಕೊಂಡು ಕೂತಿರುತ್ತಿದ್ದೆ. ಒಂದು ದಿನ ಅವರೆಲ್ಲ ಬಹಳ ಕಳವಳದಲ್ಲಿದ್ದರು. ಟೀಮಿನ ಕ್ವಾರ್ಟರ್‌ಬ್ಯಾಕ್, ಎಂದರೆ ಚೆಂಡೆಸೆದು ಆಟ ನಡೆಸುವ ಮುಖ್ಯ ಹುಡುಗ, ಎರಡನೇ ಸಲ ಕಾಲೇಜು ಬದಲಾಯಿಸಿ ಬಂದಿದ್ದಾನೆ. ಹಾಗೆ ಬಂದವನು ಒಂದು ವರ್ಷ ಸುಮ್ಮನೆ ಕೂರಬೇಕು ಎಂದು ನಿಯಮ. ವಿನಾಯಿತಿ ಕೇಳಿ ಅರ್ಜಿ ಹಾಕಿದ್ದಾನೆ, ಉತ್ತರ ಬಂದಿಲ್ಲ, ಶನಿವಾರ ಮೊದಲ ಆಟ. ಈಗ ಅವನು ಏನು ಮಾಡಬಹುದು, ಏನು ಮಾಡಬಾರದು ಎಂದು ಯಾರಿಗೂ ಗೊತ್ತಿಲ್ಲ.

ನನಗೆ ಗೊತ್ತಿತ್ತು. ಫುಟ್‌ಬಾಲಿನ ಗಂಧ ಇರಲಿಲ್ಲ, ಆದರೆ ಅರ್ಜಿಯ ಜಾತಕ ನನಗೆ ಬಾಯಿಪಾಠ. ಅರ್ಜಿ ವಿಚಾರಣೆಯಲ್ಲಿರುವಾಗ ಪ್ರಾಕ್ಟೀಸ್ ಮಾಡಬಹುದು, ಪಂದ್ಯ ಆಡುವ ಹಾಗಿಲ್ಲ ಎಂದೆ. ತಿರಸ್ಕಾರವಾದರೆ ಅಪೀಲು ಉಂಟು, ಅಪೀಲಿಗೆ ಹೊಸ ದಾಖಲೆ ಇರಬೇಕು, ಹಳೆಯದನ್ನೇ ಮತ್ತೆ ಕೊಟ್ಟರೆ ಓದದೆ ವಾಪಸ್ ಕಳಿಸುತ್ತಾರೆ. ಊರ ಹಿರಿಯರಿಂದ ಪತ್ರ ಬರೆಸಿ ಹಚ್ಚಿದರೆ ಸ್ವಲ್ಪ ತೂಕ ಬರುತ್ತದೆ. ಎಲ್ಲರೂ ತಿನ್ನುವುದು ಬಿಟ್ಟು ನನ್ನನ್ನೇ ನೋಡಿದರು. ನಾನು ಹೇಳಿದ್ದು ಒಂದೊಂದೂ ಹಾಗೇ ಆಯಿತು. ಅಂದಿನಿಂದ ನಾನು ಆ ಮೇಜಿನ ಕಾನೂನು ಪಂಡಿತ.

ಒಂದು ದಿನ ನಮ್ಮ ಮ್ಯಾನೇಜರ್ ಬಂದು ನಿಟ್ಟುಸಿರಿಟ್ಟರು. ಆ ಹುಡುಗನ ಸ್ಥಿತಿ ಯಾರಿಗೂ ಬೇಡವಂತೆ, ಒಂದು ಅರ್ಜಿಯ ಉತ್ತರಕ್ಕಾಗಿ ಪಾಪ ಐದು ವಾರದಿಂದ ಕಾಯುತ್ತಿದ್ದಾನಂತೆ, ಇಷ್ಟು ಕ್ರೂರವಾದ ವ್ಯವಸ್ಥೆಯನ್ನು ಅವರು ಜನ್ಮದಲ್ಲಿ ಕಂಡಿಲ್ಲವಂತೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ನಾವು ಮೂವರು ಭಾರತೀಯರು ಮೇಜಿನ ತುದಿಯಲ್ಲಿ ಕೂತಿದ್ದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವು ಅಷ್ಟು ಜೋರಾಗಿ ಯಾಕೆ ನಕ್ಕೆವು ಎಂದು ಮ್ಯಾನೇಜರಿಗೆ ಇವತ್ತಿಗೂ ಗೊತ್ತಿಲ್ಲ.

೨. ಏಳನೇ ವರ್ಷದ ವಿದ್ಯಾರ್ಥಿ

ನಮ್ಮತ್ತೆ ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತರಾಗಿ ವರ್ಷಗಳಾದರೂ ಸೀಟಿಯನ್ನು ಬಿಟ್ಟಿಲ್ಲ. ಅಮೆರಿಕಕ್ಕೆ ಬರುವಾಗಲೂ ಅದು ಪೆಟ್ಟಿಗೆಯಲ್ಲಿ ಮೆಂತ್ಯಹಿಟ್ಟಿನ ಪಕ್ಕದಲ್ಲೇ ಇರುತ್ತದೆ. ಅವರಿಗೆ ಮೂರು ಮಕ್ಕಳು: ನಾರ್ತ್‌ರಿಜ್‌ನ ಭಾವ, ನನ್ನ ಹೆಂಡತಿ, ಟೆಕ್ಸಾಸ್‌ನಲ್ಲಿರುವ ಕಿರಿಯವಳು. ಆರು ತಿಂಗಳ ವೀಸಾದಲ್ಲಿ ಬಂದರೆ ಅರ್ಧ ನಮ್ಮಲ್ಲಿ, ಅರ್ಧ ಮಗನಲ್ಲಿ ಇರುವುದು ರೂಢಿ. ಕಿರಿಯವಳ ಮನೆ ಬಲು ದೂರವೆಂದು ಅವಳೇ ಬಂದು ನೋಡಿ ಹೋಗುತ್ತಿದ್ದಳು.

ಆ ಸಲ ಆಗಸ್ಟಿನಲ್ಲಿ ಬಂದವರು ಮೊದಲು ನಮ್ಮಲ್ಲಿ ಉಳಿದರು. ಭಾವ ಶನಿವಾರ ಶನಿವಾರ ತಾಯಿಯನ್ನು ನೋಡುವ ನೆವದಲ್ಲಿ ಬಂದು ತಾಯಿಗೆ ಬೆನ್ನು ಮಾಡಿ ಟಿವಿ ಮುಂದೆ ಕೂರುತ್ತಿದ್ದರು. ಅವರ ಕಾಲೇಜಿನ ಕ್ವಾರ್ಟರ್‌ಬ್ಯಾಕ್‌ಗೆ ಎದೆಯವರೆಗೆ ಗಡ್ಡ. ಚೆಂಡು ಗುರಿ ಮುಟ್ಟಿದಾಗ ಕ್ಯಾಮೆರಾದವರು ಪ್ರೇಕ್ಷಕರ ಸಾಲಿನಲ್ಲಿ ಕೂಸು ಎತ್ತಿಕೊಂಡು ಕುಣಿಯುವ ಒಬ್ಬ ಹೆಂಗಸನ್ನು ತೋರಿಸಿದರು.

ಆ ಕೂಸು ಯಾರದು ಎಂದು ಅತ್ತೆ ಕೇಳಿದರು. ಆ ಹುಡುಗನದೇ ಎಂದರು ಭಾವ.

"ಇಂವ ಕಾಲೇಜಿನ್ಯಾಗ ಎಷ್ಟನೇ ವರ್ಷ?"

ಏಳನೆಯದು ಎಂದು ಭಾವ ಹೆಮ್ಮೆಯಿಂದ ವಿವರಿಸಿದರು. ಮೊದಲ ವರ್ಷ ಬೆಂಚಿನ ಮೇಲೆ ಕೂತಿದ್ದು ಲೆಕ್ಕಕ್ಕಿಲ್ಲ. ಒಂದು ವರ್ಷ ಮೊಣಕಾಲು ಮುರಿದಿತ್ತು, ಅದೂ ಲೆಕ್ಕಕ್ಕಿಲ್ಲ. ಕೋವಿಡ್ ವರ್ಷ ಯಾರಿಗೂ ಲೆಕ್ಕಕ್ಕಿಲ್ಲ. ಒಬ್ಬನಿಗೆ ಆಡಲು ಇರುವುದು ನಾಲ್ಕು ವರ್ಷ, ಹಾಗೆ ನೋಡಿದರೆ ಅವನಿಗೆ ಇದು ನಾಲ್ಕನೆಯದು, ಎಲ್ಲ ನಿಯಮದ ಪ್ರಕಾರವೇ ಇದೆ. ಸಿಕ್ಕಿದ್ದೇ ಅವಕಾಶವೆಂದು ನಾನು, ಆಟಕ್ಕಿಂತ ಮೊದಲು ಇವನ ಪಿಂಚಣಿ ಕಾಗದ ನೋಡಬೇಕು ಎಂದೆ. ಭಾವನಿಗೆ ರೇಗಿತು. ತೀರ್ಪು ಹೇಳಲಿ ಎಂದು ಇಬ್ಬರೂ ಅತ್ತೆಯ ಕಡೆ ತಿರುಗಿದೆವು.

ಅತ್ತೆ ತಾಲೂಕು ಕ್ರೀಡಾಕೂಟದ ಕಥೆ ಹೇಳಿದರು. ಖೋಖೋ ಫೈನಲ್ ಅಂತೆ. ಒಂದು ಟೀಮಿನಲ್ಲಿ ಒಬ್ಬ ಹುಡುಗಿ ಲಂಗ ದಾವಣಿಯ ವಯಸ್ಸು ಯಾವಾಗಲೋ ದಾಟಿದವಳ ಹಾಗಿದ್ದಳಂತೆ. ಅಂಪೈರಿಗೆ ಅನುಮಾನ ಬಂದು ಆಕೆಯನ್ನು ಕರೆದು, ನಿಮ್ಮ ಕ್ಲಾಸ್ ಟೀಚರ್ ಯಾರು ಎಂದು ಕೇಳಿದರಂತೆ.

"ಅದಕ್ಕ ಆಕಿ ತಲಿ ತಗ್ಗಿಸಿ, 'ನಮ್ಮ ಮನಿಯವರ' ಅಂದ್ಲು."

ನಾವು ನಕ್ಕು ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತಾಯಿತು. ಆಮೇಲೆ ನಾನು, ಅಂಥ ಮೋಸದ ಟೀಮನ್ನು ಕೂಡಲೇ ಹೊರಗೆ ಹಾಕಿಸಿದಿರಿ ತಾನೇ ಎಂದು ಕೇಳಿದೆ.

"ಹೆಂಗ ಹಾಕಸ್ಲಿ ಅಳಿಯಾರ?" ಎಂದರು ಅತ್ತೆ. "ಆಕಿನ್ನ ಕರಕೊಂಡು ಹೋದಾಕೀನ ನಾನು."

೩. ಬಳೆಯ ಸಂಜ್ಞೆ

ಅದಾಗಿ ಕೆಲವೇ ವಾರಕ್ಕೆ ಊರೆಲ್ಲ ಸಂಜ್ಞೆ ಕಳ್ಳತನದ ಮಾತು ಹಬ್ಬಿತು. ಆಟ ನಡೆಯುವಾಗ ತರಬೇತುದಾರರು ಅಂಚಿನಲ್ಲಿ ನಿಂತು ಕೈಸನ್ನೆ ಮಾಡಿ ಮುಂದೇನು ಮಾಡಬೇಕು ಎಂದು ಹುಡುಗರಿಗೆ ಹೇಳುತ್ತಾರೆ. ಯಾವುದೋ ಟೀಮು ಎದುರಾಳಿಯ ಸನ್ನೆಗಳನ್ನು ಮೊದಲೇ ಕದ್ದು ಕಲಿತುಕೊಂಡಿತ್ತು ಎಂದು ಆಪಾದನೆ. ಭಾವ ಇಡೀ ಬೆಳಿಗ್ಗೆ ನಮ್ಮ ಹಾಲಿನಲ್ಲಿ ನಿಂತು ಧರ್ಮದ ಬಗ್ಗೆ ಭಾಷಣ ಮಾಡಿದರು. ಕದ್ದ ಸಂಜ್ಞೆಯಿಂದ ಗೆದ್ದ ಗೆಲುವು ಗೆಲುವಲ್ಲ ಎಂದರು. ನಾನೂ ಒಪ್ಪಿದೆ. ನಾವಿಬ್ಬರೂ ಒಪ್ಪಿದ್ದು ಆ ವರ್ಷ ಅದೊಂದೇ.

ಅಂದು ಹೊಸದಾಗಿ ಊರಿಗೆ ಬಂದ ಗಂಡ ಹೆಂಡತಿಯನ್ನು ಊಟಕ್ಕೆ ಕರೆದಿದ್ದೆವು. ಅತ್ತೆ ಹೋಳಿಗೆ ಮಾಡಿದ್ದರು. ಎಲ್ಲರೂ ಬಡಿಸಿಕೊಳ್ಳುತ್ತಿರುವಾಗ ಅತ್ತೆ ಬಲಗೈಯಿಂದ ಎಡಗೈ ಬಳೆಗಳನ್ನು ಮೊಣಕೈ ಕಡೆಗೆ ಒಮ್ಮೆ ಸರಿಸಿದರು. ಸೆಕೆ ಇರಬಹುದು ಎಂದುಕೊಂಡೆ. ಅಷ್ಟರಲ್ಲಿ ಭಾವ ಮೇಜಿನ ಆ ತುದಿಯಿಂದ ಕೈಚಾಚಿ ತಟ್ಟೆಯಲ್ಲಿದ್ದ ಕೊನೆಯ ಹೋಳಿಗೆಗಳನ್ನು ಎತ್ತಿ ತಮ್ಮ ಎಲೆಗೆ ಹಾಕಿಕೊಂಡರು.

ಅತಿಥಿಗಳು ಹೋದ ಮೇಲೆ ನನ್ನ ಹೆಂಡತಿ ಅಣ್ಣನನ್ನು ಹಿಡಿದಳು. ಬಳೆ ಸರಿಸಿದರೆ ಪಾತ್ರೆಯಲ್ಲಿ ಮುಗಿಯುತ್ತಾ ಬಂದಿದೆ, ಮನೆಯವರು ಸಾಕು ಎನ್ನಬೇಕು, ಉಳಿದದ್ದು ಬಂದವರಿಗೆ ಎಂದು ಅರ್ಥವಂತೆ. ಅವರ ಮನೆಯಲ್ಲಿ ಮಕ್ಕಳಿಗೆಲ್ಲ ಹುಟ್ಟುತ್ತಲೇ ಬರುವ ವಿದ್ಯೆಯಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಯಾರೂ ಹೇಳಿರಲಿಲ್ಲ. ಅತ್ತೆ ಬಳೆ ಸರಿಸಿದಾಗಲೆಲ್ಲ ನಾನು ಇನ್ನೊಂದು ಹಾಕಿ ಎಂದಿರಬಹುದಾದ ಸಂದರ್ಭಗಳೆಲ್ಲ ನೆನಪಿಗೆ ಬಂದು ನಾಚಿಕೆಯಾಯಿತು.

"ಗೊತ್ತಿದ್ದಕ್ಕ ಲಗೂನ ತಗೊಂಡೆ," ಎಂದರು ಭಾವ.

ಇದು ಸಂಜ್ಞೆ ಕಳ್ಳತನವಲ್ಲದೆ ಮತ್ತೇನು ಎಂದೆ ನಾನು. ಹುಟ್ಟಿದ ಮನೆಯ ಸಂಜ್ಞೆ, ಅದನ್ನು ಕದಿಯುವುದೇನು ಬಂತು ಎಂದರು ಅವರು. ನೀವು ಈಗ ಆ ಟೀಮಿನಲ್ಲಿಲ್ಲ, ಬೇರೆ ಮನೆ ಮಾಡಿದ ದಿನವೇ ನಿಮ್ಮ ಅರ್ಹತೆ ಮುಗಿಯಿತು, ಹಳೆಯ ಟೀಮಿನ ಗುಟ್ಟನ್ನು ಹೊಸ ಟೀಮಿನಲ್ಲಿದ್ದುಕೊಂಡು ಬಳಸುವುದು ದೊಡ್ಡ ಅಪರಾಧ ಎಂದೆ. ಮಾತು ಹೋಳಿಗೆಯಿಂದ ಹೊರಟು ಅವರ ಗಡ್ಡದ ಕ್ವಾರ್ಟರ್‌ಬ್ಯಾಕ್ ಹತ್ತಿರ ಹೋಯಿತು. ಆ ಹುಡುಗನನ್ನು ಕರೆದು ನಿನ್ನ ಕ್ಲಾಸ್ ಟೀಚರ್ ಯಾರು ಎಂದು ಒಮ್ಮೆ ಕೇಳಿ ನೋಡಿ ಎಂದುಬಿಟ್ಟೆ. ಭಾವ ಎದ್ದರು. ಇನ್ನು ಈ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದರು. ನವೆಂಬರ್ ಕೊನೆಯ ರಜೆಗೆ ಎರಡೂ ಮನೆಯವರು ನಮ್ಮಲ್ಲಿ ಕೂಡಿ ಊಟ ಮಾಡುವುದು ಮೊದಲಿನಿಂದ ನಡೆದುಬಂದದ್ದು, ಅದೂ ಇನ್ನಿಲ್ಲ ಎಂದರು. ನನ್ನ ಹೆಂಡತಿಯ ಮುಖ ಸಣ್ಣದಾಯಿತು.

ಶೂ ಹಾಕಿಕೊಂಡು ಕಾರಿನ ತನಕ ಹೋದವರು ತಿರುಗಿ ಬಂದರು. ಸದ್ಯ, ಮನಸ್ಸು ಕರಗಿತು ಎಂದುಕೊಂಡು ನಾನೂ ಎದ್ದು ನಿಂತೆ. ಅವರು ನನ್ನನ್ನು ದಾಟಿಕೊಂಡು ಅಡುಗೆಮನೆಗೆ ಹೋಗಿ, ಅತ್ತೆ ಅವರಿಗೆಂದು ತೆಗೆದಿಟ್ಟಿದ್ದ ತುಪ್ಪದ ಡಬ್ಬಿ ತಗೊಂಡು ಹೋದರು.

೪. ಸ್ಯಾನ್ ಕ್ಲೆಮೆಂಟೆಯ ಹಸ್ತಾಂತರ

ಅಕ್ಟೋಬರಿನಲ್ಲಿ ಅತ್ತೆ ಮಗನ ಮನೆಗೆ ಹೋಗುವ ಸಮಯ ಬಂತು. ಯಾರೊಬ್ಬರೂ ಪೂರ್ತಿ ಡ್ರೈವ್ ಮಾಡಬಾರದೆಂದು ದಾರಿಯ ನಡುವೆ ಸ್ಯಾನ್ ಕ್ಲೆಮೆಂಟೆಯ ಒಂದು ಕಾಫಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಭೇಟಿಯಾಗಿ, ಅತ್ತೆಯನ್ನೂ ಪೆಟ್ಟಿಗೆಗಳನ್ನೂ ಒಂದು ಕಾರಿನಿಂದ ಇನ್ನೊಂದಕ್ಕೆ ದಾಟಿಸುವುದು ನಮ್ಮ ಪದ್ಧತಿ. ನಮ್ಮ ಕಡೆಯ ಎಷ್ಟೋ ಮನೆಗಳ ಅಪ್ಪ ಅಮ್ಮಂದಿರು ಆ ಜಾಗದಲ್ಲಿ ಕೈ ಬದಲಾಗಿದ್ದಾರೆ.

ಈ ಸಲ ನಾನೂ ಭಾವನೂ ಮಾತಾಡುವ ಹಾಗಿರಲಿಲ್ಲ. ಇಬ್ಬರೂ ಒಂದೇ ಪೆಟ್ಟಿಗೆಯ ಎರಡು ತುದಿ ಹಿಡಿದುಕೊಂಡು, ನಡುವೆ ಅತ್ತೆಯನ್ನು ನಿಲ್ಲಿಸಿಕೊಂಡು ವ್ಯವಹಾರ ನಡೆಸಿದೆವು. ನಿನ್ನೆ ಅವರ ಟೀಮು ಸೋತದ್ದಕ್ಕೆ ನನಗೆ ತುಂಬ ದುಃಖವಾಗಿದೆ ಎಂದು ಹೇಳಿ ಅತ್ತೆ, ಎಂದೆ.

ಅತ್ತೆ ಮಗನ ಕಡೆ ತಿರುಗಿ, "ಅಳಿಯಾರು ಹಾದ್ಯಾಗ ಸಾವಕಾಶ ಹೋಗ್ರಿ ಅಂತಾರ," ಎಂದರು.

ಅವರ ಟೀಮು ಸೋಲದೆ ಇದ್ದದ್ದು ಯಾವಾಗ ಅಂತ ಕೇಳವ್ವ, ಎಂದರು ಭಾವ.

ಅತ್ತೆ ನನ್ನ ಕಡೆ ತಿರುಗಿ, "ಅಂವ ನಮ್ಮನಿಗೂ ಒಮ್ಮೆ ಊಟಕ್ಕ ಬರ್ರಿ ಅಂತಾನ," ಎಂದರು.

ಇದೆಲ್ಲ ನಡೆಯುವಾಗ ನಮ್ಮ ಮಗಳು ಕಾರಿಗೆ ಒರಗಿ ನಿಂತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಪಕ್ಕದ ಕಾರಿನ ಅಮೆರಿಕನ್ ಹೆಂಗಸೊಬ್ಬಳು ಮಾತಾಡದ ಇಬ್ಬರು ಗಂಡಸರನ್ನೂ ಪೆಟ್ಟಿಗೆಗಳನ್ನೂ ನೋಡಿ ಮರುಗಿದಳು. ವಿಚ್ಛೇದನವಾದ ಮೇಲೆ ಅವಳೂ ಮಕ್ಕಳನ್ನು ಇದೇ ಲಾಟಿನಲ್ಲಿ ಗಂಡನಿಗೆ ಒಪ್ಪಿಸುತ್ತಾಳಂತೆ. ಮಗಳ ಭುಜ ಸವರಿ, ನೀನು ಯಾರ ಜೊತೆ ಹೋಗಬೇಕು ಚಿನ್ನ ಎಂದು ಕೇಳಿದಳು. ಹಂಚಿಕೊಳ್ಳುತ್ತಿರುವುದು ನನ್ನನ್ನಲ್ಲ, ನನ್ನ ಅಜ್ಜಿಯನ್ನು ಎಂದಳು ಮಗಳು. ಆ ಹೆಂಗಸು ಕಾಫಿ ಅಲ್ಲೇ ಬಿಟ್ಟು ಹೋದಳು.

೫. ಒಳಗಿಂದೊಳಗೆ

ನವೆಂಬರಿನಲ್ಲಿ ರಾಜ್ಯೋತ್ಸವದ ಪಿಕ್ನಿಕ್. ಸ್ಯಾನ್ ಡಿಯಾಗೋದವರೂ ಲಾಸ್ ಏಂಜಲೀಸಿನವರೂ ನಡುವಿನ ಒಂದು ಪಾರ್ಕಿನಲ್ಲಿ ಸೇರುತ್ತೇವೆ. ಅಲ್ಲಿ ಹೆಂಗಸರ ಥ್ರೋಬಾಲ್ ಇರುತ್ತದೆ, ಗೆದ್ದ ಊರಿಗೆ ಒಂದು ಪ್ರೆಶರ್ ಕುಕ್ಕರ್ ಬಹುಮಾನ. ಅದನ್ನು ಗೆದ್ದ ಟೀಮಿನವರು ತಮ್ಮೊಳಗೆ ಚೀಟಿ ಎತ್ತಿ ಒಬ್ಬರಿಗೆ ಕೊಡುತ್ತಾರೆ. ನಾವು ಒಮ್ಮೆಯೂ ಗೆದ್ದಿರಲಿಲ್ಲ.

ಈ ಸಲ ಗೆಲ್ಲುವ ಆಸೆ ಹುಟ್ಟಿದ್ದು ಅತ್ತೆಯಿಂದ. ನಮ್ಮಲ್ಲಿದ್ದಷ್ಟು ದಿನ ಪೊವೇಯ ಪಾರ್ಕಿನಲ್ಲಿ ಸಂಜೆ ಹೊತ್ತು ನಮ್ಮ ಹೆಂಗಸರಿಗೆ ಅವರೇ ಸೀಟಿ ಊದಿ ಕಲಿಸಿದ್ದರು. ಬಂದ ಹೊಸದರಲ್ಲಿ ಕಿಟಕಿಯಿಂದ ರಸ್ತೆ ನೋಡುತ್ತಾ ಕೂತಿರುತ್ತಿದ್ದವರು ಮಧ್ಯಾಹ್ನವೇ ಕ್ಯಾನ್ವಾಸ್ ಶೂ ಕಟ್ಟಿಕೊಂಡು ಕಾಯತೊಡಗಿದ್ದರು. ನೋಡಿದರೆ ನನಗೇ ಖುಷಿಯಾಗುತ್ತಿತ್ತು. ಅವರು ಎಸೆದ ಚೆಂಡನ್ನು ಹಿಡಿಯಲು ಹೋದ ನಮ್ಮ ಬಡಾವಣೆಯ ಒಬ್ಬ ಡಾಕ್ಟರ್ ಹೆಂಗಸು ಕೈ ಊದಿಸಿಕೊಂಡು ರಜೆ ಹಾಕಿದರು. ಆದರೆ ಅಂಥ ಆಟಗಾರ್ತಿ ಈಗ ನಾರ್ತ್‌ರಿಜ್‌ನಲ್ಲಿ. ಪಿಕ್ನಿಕ್ಕಿನ ನಿಯಮವೋ, ಇರುವ ಊರಿನ ಪರವಾಗಿಯೇ ಆಡಬೇಕು.

ನಾನು ಗುಟ್ಟಾಗಿ ಅತ್ತೆಗೆ ಫೋನ್ ಮಾಡಿದೆ. ನಮ್ಮ ಗಾಜಿನ ಎಲೆಕ್ಟ್ರಿಕ್ ಒಲೆಯ ಮೇಲೆ ಜೋಳದ ರೊಟ್ಟಿ ಉಬ್ಬುವುದಿಲ್ಲ ಎಂದು ಅವರಿಗೆ ಮೊದಲಿನಿಂದ ಕೊರಗು. ಪಿಕ್ನಿಕ್ಕಿಗೆ ಮೊದಲು ನಮ್ಮಲ್ಲಿಗೆ ಬಂದುಬಿಡಿ, ಹಿತ್ತಲಲ್ಲಿ ಗ್ಯಾಸ್ ಒಲೆ ಹಾಕಿಸುತ್ತೇನೆ ಎಂದೆ. ನೋಡೂಣು ಎಂದರು. ಮರುದಿನ ಅವರೇ ಫೋನ್ ಮಾಡಿ, ಮಗ ಇವತ್ತೇ ಗ್ಯಾಸ್ ಒಲೆ ತಂದಿಟ್ಟ, ಜೊತೆಗೆ ದೊಡ್ಡದೊಂದು ಕಬ್ಬಿಣದ ಹಂಚು ಎಂದು ಸಹಜವಾಗಿ ತಿಳಿಸಿದರು. ಹಂಚು ಹಿಡಿಯಲು ಇಕ್ಕಳವನ್ನೂ ತರುತ್ತೇನೆ ಎಂದೆ. ಅದನ್ನೂ ಅವರು ಮಗನಿಗೆ ಹೇಳಿದರು ಎಂದು ಕಾಣುತ್ತದೆ.

ಆ ಸಂಜೆ ನನ್ನ ಫೋನಿಗೆ ಭಾವನಿಂದ ಒಂದು ಮೆಸೇಜ್ ಬಂತು. ಜಗಳವಾದ ಮೇಲೆ ಮೊದಲನೆಯದು. ನನ್ನ ಹೆಂಡತಿ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಿ ಬಂದಳು. ಅಣ್ಣ ಬರೆದಿದ್ದಾನೆ, ಕಡೆಗೂ ಬರೆದಿದ್ದಾನೆ ಎಂದು ಅವಳ ಕಣ್ಣಲ್ಲಿ ನೀರು. ತೆರೆದು ನೋಡಿದೆವು. ಇನ್ನೊಂದು ಟೀಮಿನ ಆಟಗಾರನನ್ನು ಒಳಗಿಂದೊಳಗೆ ಸಂಪರ್ಕಿಸಿ ಆಸೆ ತೋರಿಸುವುದಕ್ಕೆ ಕಾಲೇಜು ಫುಟ್‌ಬಾಲಿನಲ್ಲಿ ಯಾವ ಶಿಕ್ಷೆ ಎಂಬ ಲೇಖನವಿತ್ತು. ಕೆಳಗೆ ಒಂದು ಸಾಲು, ಪೂರ್ತಿ ಓದಬೇಕಾಗಿ ವಿನಂತಿ.

೬. ಮರದ ಕೆಳಗಿನ ಕೋರ್ಟು

ಪಿಕ್ನಿಕ್ಕಿನ ದಿನ ಎರಡೂ ಊರಿನ ಗಂಡಸರು ಒಂದು ದೊಡ್ಡ ಮರದ ಕೆಳಗೆ ಸೇರಿ ವಿಚಾರಣೆಗೆ ಕೂತೆವು. ಪ್ರಶ್ನೆ ಒಂದೇ, ನಮ್ಮತ್ತೆ ಯಾವ ಟೀಮಿನವರು. ಅಧ್ಯಕ್ಷರಾಗಿ ಆ ವರ್ಷ ಪಿಕ್ನಿಕ್ಕಿನ ಪುಳಿಯೋಗರೆಯ ಉಸ್ತುವಾರಿ ಹೊತ್ತವರನ್ನು ಕೂರಿಸಿದೆವು. ನಾನೂ ಭಾವನೂ ಮಾತಾಡುತ್ತಿರಲಿಲ್ಲವಾದ್ದರಿಂದ ಇಬ್ಬರೂ ಅಧ್ಯಕ್ಷರನ್ನು ನೋಡಿಕೊಂಡೇ ಕೂಗಾಡಿದೆವು.

ಅವರು ಈಗ ಮಲಗುವ ಮನೆ ಯಾವುದೋ ಅದೇ ಊರು ಎಂದರು ಭಾವ. ತರಬೇತಿ ಆದದ್ದು ನಮ್ಮಲ್ಲಿ, ಅದೇ ಮುಖ್ಯ ಎಂದೆ ನಾನು. ವಿಮಾನ ಇಳಿದಾಗ ಕೊಟ್ಟ ವಿಳಾಸ ಯಾವುದು ಎಂದು ಒಬ್ಬರು ಕೇಳಿದರು. ಟೀಮು ಬದಲಾಯಿಸಿದವರು ಒಂದು ವರ್ಷ ಸುಮ್ಮನೆ ಕೂರಬೇಕಲ್ಲ ಎಂದರು ಮತ್ತೊಬ್ಬರು. ಆರು ತಿಂಗಳ ವೀಸಾದವರು ಒಂದು ವರ್ಷ ಕೂತರೆ ಅದೇ ಬೇರೆ ಕೇಸಾಗುತ್ತದೆ ಎಂದು ಅವರ ಬಾಯಿ ಮುಚ್ಚಿಸಿದೆವು. ಆಗ ಟೆಲಿಕಾಂ ಕಂಪನಿಯ ಒಬ್ಬ ಎಂಜಿನಿಯರ್ ಎದ್ದು ನಿಂತು ಹೊಸ ಸಮಸ್ಯೆ ತೆಗೆದರು. ವಿಸಿಟರ್ ವೀಸಾದಲ್ಲಿ ದುಡಿಯುವ ಹಾಗಿಲ್ಲ. ಆಡಿದ್ದಕ್ಕೆ ಕುಕ್ಕರ್ ಸಿಕ್ಕಿದರೆ ಅದು ಬಹುಮಾನವೋ ಸಂಬಳವೋ? ಎಲ್ಲರೂ ಗಂಭೀರರಾದೆವು. ಅಲ್ಲಿದ್ದವರಲ್ಲಿ ಅರ್ಜಿ ಹಾಕಿ ನೋಯದವನು ಒಬ್ಬನೂ ಇರಲಿಲ್ಲ. ಕುಕ್ಕರಿನ ಗಾತ್ರ ಎಷ್ಟು ಎಂದು ನೋಡಿ ಬರಲು ಒಬ್ಬರನ್ನು ಕಳಿಸಿದೆವು, ಅವರು ಎಷ್ಟು ಹೊತ್ತಾದರೂ ವಾಪಸ್ ಬರಲಿಲ್ಲ.

ಕೊನೆಗೆ ತೀರ್ಪಾಯಿತು. ಅತ್ತೆ ಮೊದಲರ್ಧ ಲಾಸ್ ಏಂಜಲೀಸ್ ಕಡೆ, ಎರಡನೇ ಅರ್ಧ ನಮ್ಮ ಕಡೆ ಆಡತಕ್ಕದ್ದು. ಕುಕ್ಕರ್ ಮಾತ್ರ ಮುಟ್ಟತಕ್ಕದ್ದಲ್ಲ. ತೀರ್ಪು ಹಿಡಿದುಕೊಂಡು ಮೈದಾನಕ್ಕೆ ಹೋದರೆ ಹೆಂಗಸರು ನೆಟ್ ಬಿಚ್ಚಿ ಮಡಚುತ್ತಿದ್ದರು. ಆಟ ಮುಗಿದು ಎಲ್ಲರೂ ಮಜ್ಜಿಗೆ ಕುಡಿಯುತ್ತಿದ್ದರು. ಅತ್ತೆಯ ಕೊರಳಲ್ಲಿ ಸೀಟಿ, ಬೆವರಿದ ಮುಖ, ಕಂಕುಳಲ್ಲಿ ಕುಕ್ಕರ್. ಕುಕ್ಕರ್ ನೋಡಿ ಬರಲು ಹೋದವರು ಅವರ ಹಿಂದೆ ಚೆಂಡು ಹೊತ್ತು ನಿಂತಿದ್ದರು.

ಯಾವ ಕಡೆ ಆಡಿದಿರಿ ಎಂದು ಕೇಳಿದೆ. ಅತ್ತೆ ಯಾವ ಕಡೆಯೂ ಅಲ್ಲ, ಅಂಪೈರ್ ಆಗಿದ್ದರಂತೆ. ಗೆದ್ದವರು ಯಾರು ಎಂದು ಭಾವ ಕೇಳಿದರು. ಎರಡೂ ಕಡೆ ಸಮ ಆಯಿತು, ಅದಕ್ಕೇ ಕುಕ್ಕರ್ ಅಂಪೈರಿಗೆ ಎಂದರು. ಥ್ರೋಬಾಲಿನಲ್ಲಿ ಸಮ ಆಗುವುದೆಂದರೇನು, ಅಂಥ ನಿಯಮವೇ ಇಲ್ಲ ಎಂದು ಭಾವ ಬಾಯಿ ಮಾಡಿದರು.

"ನೋಡಿದಾವರು ಹೇಳಬೇಕಪಾ," ಎಂದರು ಅತ್ತೆ. "ನೀ ಎಲ್ಲಿದ್ದಿ?"

೭. ಟೆಕ್ಸಾಸ್

ಇಷ್ಟಾದರೂ ನಮ್ಮ ಮೌನ ಮುರಿಯಲಿಲ್ಲ. ನವೆಂಬರ್ ಕೊನೆಯ ರಜೆ ಹತ್ತಿರ ಬಂತು. ನನ್ನ ಹೆಂಡತಿ ದೊಡ್ಡ ಪಾತ್ರೆಗಳನ್ನು ಕೆಳಗಿಳಿಸಿ ತೊಳೆದು, ಬರುವವರು ಯಾರೂ ಇಲ್ಲವೆಂದು ಮತ್ತೆ ಮೇಲಿಟ್ಟಳು. ಫೋನ್ ಮಾಡಬೇಕೆಂದು ಎರಡು ಮೂರು ಸಲ ಕೈಗೆ ತಗೊಂಡೆ. ಮಾಡಿದರೆ ಆ ಗಡ್ಡದವನ ಏಳನೇ ವರ್ಷವನ್ನು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಕೆಳಗಿಟ್ಟೆ. ನಾರ್ತ್‌ರಿಜ್‌ನಲ್ಲೂ ಇದೇ ನಡೆಯುತ್ತಿತ್ತು ಎಂದು ಆಮೇಲೆ ಗೊತ್ತಾಯಿತು.

ರಜೆಗೆ ಇನ್ನು ಕೆಲವೇ ದಿನವಿದ್ದಾಗ ಫೋನ್ ಬಂತು. ಭಾವ.

"ಏನ್ರೀ, ನಮ್ಮವ್ವ ಟೆಕ್ಸಾಸಿಗೆ ಹೋದ್ಲರೀ."

ನಡೆದದ್ದು ಇಷ್ಟು. ಕಿರಿಯ ಮಗಳ ಗಂಡ, ಎಂದರೆ ನನ್ನ ಷಡ್ಡಕ, ಬಹಳ ಮೆತ್ತಗಿನ ಮನುಷ್ಯ. ಅವನು ಯಾರಿಗೂ ಹೇಳದೆ ಅತ್ತೆಗೆ ಫೋನ್ ಮಾಡಿ, ಟಿಕೆಟ್ ಕಳಿಸಿ, ಮನೆ ಬಾಗಿಲಿಗೆ ಟ್ಯಾಕ್ಸಿ ಕರೆಸಿ, ವಿಮಾನ ಹತ್ತಿಸಿಕೊಂಡುಬಿಟ್ಟಿದ್ದ. ಅವರ ಮನೆಯಲ್ಲಿ ಮೊದಲಿನಿಂದಲೂ ಗ್ಯಾಸ್ ಒಲೆ. ಉಳಿದ ದಿನಗಳನ್ನು ಅತ್ತೆ ಅಲ್ಲೇ ಕಳೆಯುತ್ತಾರಂತೆ.

ಇದು ಶುದ್ಧ ಅನ್ಯಾಯ ಎಂದೆ ನಾನು. ಸೀಸನ್ ನಡುವೆ ಆಟಗಾರರನ್ನು ಎತ್ತಿಕೊಂಡು ಹೋಗುವುದುಂಟೇ ಎಂದರು ಅವರು. ಒಳಗಿಂದೊಳಗೆ ಸಂಪರ್ಕ ಮಾಡಿದ್ದಾನೆ ಎಂದೆ. ತಾವು ಆಗ ಕಳಿಸಿದ್ದ ಲೇಖನ ಇನ್ನೂ ಇದೆಯೇ ಎಂದು ಕೇಳಿದರು. ಇದೆ, ಪೂರ್ತಿ ಓದಿದ್ದೇನೆ ಎಂದೆ. ಹಾಗಾದರೆ ಕೂತು ಮಾತಾಡಬೇಕು, ರಜೆಯ ದಿನ ಬರುತ್ತೇವೆ ಎಂದರು. ನನ್ನ ಹೆಂಡತಿ ಮತ್ತೆ ದೊಡ್ಡ ಪಾತ್ರೆಗಳನ್ನು ಇಳಿಸಿದಳು.

ರಜೆಯ ದಿನ ಊಟವಾದ ಮೇಲೆ ನಾನೂ ಭಾವನೂ ಸೋಫಾದ ಮೇಲೆ ಒತ್ತಿಕೊಂಡು ಕೂತು ಟೆಕ್ಸಾಸಿಗೆ ವಿಡಿಯೋ ಕಾಲ್ ಮಾಡಿದೆವು. ಅತ್ತೆ ಪರದೆಯ ಮೇಲೆ ಬಂದರು. ಹಿಂದೆ ಗ್ಯಾಸ್ ಒಲೆ ಉರಿಯುತ್ತಿತ್ತು, ಪಕ್ಕದಲ್ಲಿ ನಮ್ಮ ಪಿಕ್ನಿಕ್ಕಿನ ಕುಕ್ಕರ್. ಷಡ್ಡಕ ಹಿಂದುಗಡೆ ರೊಟ್ಟಿ ತಟ್ಟಲು ಕಲಿಯುತ್ತಿದ್ದ. ಭಾವ ನಿಯಮಗಳನ್ನು ಒಂದೊಂದಾಗಿ ಹೇಳಿದರು, ನಾನು ಒಂದೊಂದಕ್ಕೂ ಹೌದು ಎಂದೆ.

ಅತ್ತೆ ಎಲ್ಲ ಕೇಳಿಕೊಂಡು, "ಇಬ್ಬರೂ ಒಂದ ಸೋಫಾದ ಮ್ಯಾಲೆ ಕುಂತೀರಿ?" ಎಂದು ಕೇಳಿದರು.

ಹೌದು ಎಂದೆವು.

"ಛಲೋ ಆತು. ಇಲ್ಲೆ ಶುಕ್ರವಾರ ಸಾಲಿ ಹುಡುಗರ ಆಟ ತೋರಸ್ತಾರ, ಶನಿವಾರ ಕಾಲೇಜಿಂದು. ಇವರು ಯಾರ ಆಡಬೇಕು, ಯಾರ ಆಡಬಾರ್ದು ಅಂತ ಜಗಳಾಡೂದಿಲ್ಲ, ಸುಮ್ಮನ ಆಟ ನೋಡ್ತಾರ. ನೀವಿಬ್ಬರೂ ಕೂಡಿ ಏನು ಕೊಡ್ತೀರಿ, ಹೇಳ್ರಿ."

ನಾವು ಒಟ್ಟಿಗೆ ಶುರು ಮಾಡಿದೆವು. ಎರಡೂ ಮನೆಯಲ್ಲಿ ಗ್ಯಾಸ್ ಒಲೆ ಎಂದೆ. ಹಂಚು, ಇಕ್ಕಳ ಎಂದರು ಭಾವ. ಪ್ರತಿ ವರ್ಷ ಪಿಕ್ನಿಕ್ಕಿನ ಅಂಪೈರ್ ಪದವಿ ಎಂದೆ. ಸ್ಯಾನ್ ಕ್ಲೆಮೆಂಟೆಯಲ್ಲಿ ನಿಲ್ಲಿಸುವುದಿಲ್ಲ, ಮನೆ ಬಾಗಿಲಿಂದ ಮನೆ ಬಾಗಿಲಿಗೆ ನಾನೇ ಡ್ರೈವ್ ಮಾಡುತ್ತೇನೆ ಎಂದರು ಭಾವ. ಗಡ್ಡದ ಹುಡುಗನ ಏಳನೇ ವರ್ಷ ನಿಯಮದ ಪ್ರಕಾರವೇ ಇದೆ ಎಂದು ನಾನು ಹೇಳಿಬಿಟ್ಟೆ. ಭಾವ ನನ್ನನ್ನು ತಿರುಗಿ ನೋಡಿದರು.

ಅತ್ತೆ ನಗುತ್ತಾ, ಬಲಗೈಯಿಂದ ಎಡಗೈ ಬಳೆಗಳನ್ನು ಮೊಣಕೈ ಕಡೆಗೆ ಒಮ್ಮೆ ಸರಿಸಿದರು.

"ಸಾಕು," ಎಂದರು ಭಾವ ಕೂಡಲೇ.

"ಸಾಕು," ಎಂದೆ ನಾನೂ.

ಹಿಂದೆ ನನ್ನ ಷಡ್ಡಕ ಮಾತ್ರ ಕೈಯಲ್ಲಿ ಹಿಟ್ಟು ಮೆತ್ತಿಕೊಂಡು, ಅತ್ತೆ, ಇನ್ನೂ ದೊಡ್ಡ ಟಿವಿ ತರ್ತೀನಿ, ಮುಂದಿನ ವರ್ಷವೂ ಇಲ್ಲಿಗೇ ಬನ್ನಿ ಎಂದು ಹೇಳುತ್ತಲೇ ಇದ್ದ. ಪಾಪ, ಅವನಿಗೆ ತಿಳಿಸೋಣವೆಂದು ಬಾಯಿ ತೆರೆದೆ. ಭಾವ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಿವಿಯ ಹತ್ತಿರ ಬಂದರು.

"ಆ ಬಳಿ ವಿಷಯ ಒಂದು ಅವರಿಗೆ ಹೇಳಬ್ಯಾಡ್ರಿ," ಎಂದರು. "ಅದು ನಮ್ಮ ಟೀಮಿಂದು."